ನೀರೊಳಗಿನ ಅಗಸಿ

ಮೀನು ತಿನ್ನದವನು ನಾನು. ಆದರೂ ಇಪ್ಪತ್ತೇಳು ವರ್ಷ ಮೀನಿನ ಇಲಾಖೆಯ ಅನ್ನ ಉಂಡೆ. ಬೈಲಹೊಂಗಲದ ಹತ್ತಿರ ಒಕ್ಕಲುತನದ ಮನೆ ನಮ್ಮದು, ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ನೇಮಕದ ಪತ್ರ ಬಂದ ದಿನ ಅಪ್ಪ ಅದನ್ನು ಓದಿಸಿ ಕೇಳಿದ. ಆಮೇಲೆ, "ಮೀನಾ ಹಿಡಿಯೋದೋ, ಸಾಕೋದೋ?" ಎಂದ. "ಸಾಕೋದಪಾ" ಎಂದೆ. "ಹಂಗಾದ್ರ ದನಾ ಸಾಕಿದಂಗ ಆತು, ಹೋಗು" ಎಂದು ಒಪ್ಪಿಬಿಟ್ಟ.

ಅವ್ವ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಅವಳದೊಂದು ಷರತ್ತು ಇತ್ತು. ಕೆಲಸದಿಂದ ಬಂದವನು ಮುಂದಿನ ಬಾಗಿಲಿನಿಂದ ಒಳಗೆ ಬರಬಾರದು. ಹಿತ್ತಲಿಗೆ ಹೋಗಿ, ಅಲ್ಲಿಟ್ಟ ಹಂಡೆಯ ನೀರಿನಿಂದ ಜಳಕ ಮಾಡಿ, ಆಮೇಲೆ ಅಡುಗೆಮನೆಯ ಹೊಸ್ತಿಲು ದಾಟಬೇಕು. ನಾನು ಹಾಗೆಯೇ ನಡೆದುಕೊಂಡೆ.

ಈಗ ಈ ಕೆಲಸಕ್ಕೆ ಸೇರುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಬಂತು, ಯಾವ ಊರಿಗೆ ವರ್ಗವಾಯಿತು ಎಂಬುದೆಲ್ಲ ಸೇವಾ ಪುಸ್ತಕದಲ್ಲಿ ಇದೆ. ಅದರಲ್ಲಿ ಇಲ್ಲದ್ದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ತೊಂಬತ್ತರ ದಶಕದ ಆರಂಭದಲ್ಲಿ ನನ್ನನ್ನು ಹಾಕಿದ್ದು ಮಲಪ್ರಭೆಯ ಹಿನ್ನೀರಿಗೆ. ನವಿಲುತೀರ್ಥದಲ್ಲಿ ಒಡ್ಡು ಕಟ್ಟಿದ ಮೇಲೆ ನಿಂತ ನೀರು ಅದು. ನಮ್ಮ ಕಡೆಯಿಂದ ಹರಿದು ಹೋಗುವ ಹೊಳೆ ಆ ನೀರಿಗೆ ಸೇರುವ ಜಾಗದಲ್ಲಿ, ಒಂದು ಮಗ್ಗುಲಿಗೆ ನೀರು ದಿಬ್ಬಗಳ ನಡುವೆ ಒಳಗೆ ಚಾಚಿಕೊಂಡಿತ್ತು. ಮೂರು ಕಡೆ ನೆಲ, ಒಂದು ಕಡೆ ಹೊಳೆ. ಅದರ ತಳದಲ್ಲಿ ಒಂದು ಊರು ಮುಳುಗಿತ್ತು. ಊರಿನವರು ದಿಬ್ಬದ ಮೇಲೆ ಹೊಸ ಊರು ಕಟ್ಟಿಕೊಂಡಿದ್ದರು. ಹಿಂದೆ ಹೊಳೆ ದಾಟಿಸುತ್ತಿದ್ದ ಏಳೆಂಟು ಮನೆಯವರು ಅದೇ ಹರಿಗೋಲಿನಲ್ಲಿ ಈಗ ಮೀನು ಹಿಡಿಯುತ್ತಿದ್ದರು.

ಆ ಜಾಗವನ್ನು ಅವರು 'ಹಳೇ ಊರ ಬಗಲು' ಎನ್ನುತ್ತಿದ್ದರು. ನಮ್ಮ ಸಾಹೇಬರು ಕಾರವಾರದ ಕಡೆಯವರು, ಸಮುದ್ರ ಕಂಡವರು. ಮೊದಲ ದಿನ ಅದನ್ನು ನೋಡಿ, "ಇದು ಸರಿಯಾದ ಕೊಲ್ಲಿ ಮಾರಾಯ್ರೆ! ಬಗಲು ಅಂತ ಎಂಥದ್ದು ಹೇಳೂದು?" ಎಂದರು. ಹರಿಗೋಲಿನಲ್ಲಿ ಹುಟ್ಟು ಹಿಡಿದು ನಿಂತಿದ್ದ, ಆ ಮನೆಗಳ ಹುಡುಗ ಯಲ್ಲಪ್ಪ ನನ್ನ ಕಿವಿಯ ಹತ್ತಿರ ಬಾಗಿ, "ಕೊಲ್ಲಿ ಅಂದ್ರ ಏನ್ರಿ, ಯಾರನ್ನ ಕೊಲ್ಲತೈತ್ರಿ?" ಎಂದು ಕೇಳಿದ. ಕೊನೆಗೆ ಕಡತದಲ್ಲಿ 'ಹಳೇ ಊರ ಬಗಲು ಎಂಬ ಕೊಲ್ಲಿ' ಎಂದು ಬರೆದೆ. ಇಬ್ಬರಿಗೂ ಸಮಾಧಾನವಾಯಿತು.

ಸಾಹೇಬರು ಒಳ್ಳೆಯ ಕೆಲಸಗಾರರು. ಸಿಟ್ಟು ಮೂಗಿನ ತುದಿಯಲ್ಲಿ, ಆದರೆ ಹೊಟ್ಟೆಯಲ್ಲಿ ವಿಷ ಇಲ್ಲ. ನಾನು ಮೀನು ತಿನ್ನುವುದಿಲ್ಲ ಎಂಬುದು ಅವರಿಗೆ ದಿನದ ತಮಾಷೆ. "ಈ ಸಲದ ಕಾಟ್ಲಾ ಮೀನಿನ ರುಚಿ ಹೇಗಿದೆ?" ಎಂದು ಬೇಕೆಂದೇ ಕೇಳುತ್ತಿದ್ದರು. "ತೂಕ ಚಲೋ ಐತ್ರಿ ಸರ್" ಎನ್ನುತ್ತಿದ್ದೆ. ಅವರಿಗೆ ನಮ್ಮ ಕಡೆಯ ಸೋಮವಾರ ಮಾತ್ರ ಅರ್ಥವಾಗಲಿಲ್ಲ. ಸೋಮವಾರ ಸಂತೆಗೆ ಬುಟ್ಟಿ ಹೊತ್ತು ಹೋದ ಹೆಂಗಸರು ಹೋದ ಹಾಗೆಯೇ ತಿರುಗಿ ಬರುತ್ತಿದ್ದರು. ಶ್ರಾವಣದಲ್ಲಿ ತಿಂಗಳಿಡೀ ಅದೇ ಕತೆ. ಸಾಹೇಬರು ಅದಕ್ಕೆ ಕಾರಣ ಕೇಳಿ ನನಗೆ ಪತ್ರ ಬರೆದರು. 'ಜನ ಶಿವನ ವಾರ ಹಿಡಿಯುತ್ತಾರೆ' ಎಂದು ಉತ್ತರ ಬರೆದೆ. ಆ ಉತ್ತರ ಮೇಲಿನ ಕಚೇರಿಯವರೆಗೂ ಹೋಗಿ ಬಂತು, ಯಾರೂ ಏನೂ ಹೇಳಲಿಲ್ಲ.

ಕೆಲಸ ಕಲಿತದ್ದನ್ನು ಹೇಳುತ್ತೇನೆ. ಮೀನುಮರಿ ಎಣಿಸುವುದನ್ನು ನೀವು ಯಂತ್ರದಲ್ಲಿ ಮಾಡುತ್ತೀರೋ ಏನೋ. ನಾವು ಚಹಾ ಸೋಸುವ ಜಾಳಿಗೆಯಿಂದ ಎಣಿಸುತ್ತಿದ್ದೆವು. ಒಂದು ಜಾಳಿಗೆ ತುಂಬ ಮರಿ ಎತ್ತಿ, ತಟ್ಟೆಯ ನೀರಿಗೆ ಸುರಿದು ಒಂದೊಂದಾಗಿ ಎಣಿಸುವುದು. ಆಮೇಲೆ ಎಷ್ಟು ಜಾಳಿಗೆಯೋ ಅಷ್ಟರಿಂದ ಗುಣಿಸುವುದು. ಎಣಿಸುವವನ ಕಣ್ಣು ಸೋಲುತ್ತದೆ, ಮರಿ ನಿಲ್ಲುವುದಿಲ್ಲ. ಲೆಕ್ಕ ತಪ್ಪಿತು ಎಂದು ಮತ್ತೆ ಸುರಿದರೆ ಮರಿ ಸಾಯುತ್ತದೆ. ಎರಡರಲ್ಲಿ ಯಾವುದು ವಾಸಿ ಎಂದು ನೀವೇ ತೀರ್ಮಾನಿಸಬೇಕು. ನಾನು ಲೆಕ್ಕ ತಪ್ಪಲು ಬಿಡುತ್ತಿದ್ದೆ.

ನನ್ನ ಮೊದಲ ದೊಡ್ಡ ತಪ್ಪು ಮರಿ ಬಿಡುವಾಗಲೇ ಆಯಿತು. ಮರಿಗಳು ಬರುವುದು ಗಾಳಿ ತುಂಬಿ ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲಗಳಲ್ಲಿ. ಚೀಲಗಳನ್ನು ಹಿನ್ನೀರಿನಲ್ಲಿ ಸ್ವಲ್ಪ ಹೊತ್ತು ತೇಲಿಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಒಂದೇ ತಂಪಿಗೆ ಬಂದ ಮೇಲೆ ಬಾಯಿ ಬಿಚ್ಚಬೇಕು. ನನಗೆ ಬೈಲಹೊಂಗಲದ ಕಡೆಯ ಬಸ್ಸು ತಪ್ಪೀತೆಂಬ ಆತುರ. ಚೀಲ ಬಿಚ್ಚಿದೆ, ಸುರಿದೆ. ನೋಡುನೋಡುತ್ತಿದ್ದಂತೆ ಮರಿಗಳು ಹೊಟ್ಟೆ ಮೇಲೆ ಮಾಡಿಕೊಂಡು ತೇಲತೊಡಗಿದವು. ದಂಡೆಯಲ್ಲಿ ಬಲೆ ಹೊಲಿಯುತ್ತ ಕೂತಿದ್ದ ಗಂಗವ್ವ, ಯಲ್ಲಪ್ಪನ ತಾಯಿ, ತಲೆ ಎತ್ತಿ ನೋಡಿದಳು.

"ಹೊಸದಾಗಿ ಬಂದ ಸೊಸಿನ್ನೂ ಒಂದ ಗಳಿಗಿ ಹೊಸ್ತಲದಾಗ ನಿಲ್ಲಸ್ತಾರ್ರಿ ಸಾಹೇಬ್ರ. ನೀವು ಒಮ್ಮಿಗೇ ಒಳಗ ದಬ್ಬಿದ್ರೆಲ್ಲಾ!"

ಆ ಬಸ್ಸು ನನಗೆ ಸಿಗಲೂ ಇಲ್ಲ.

ಗಂಗವ್ವನಿಂದ ಕಲಿತದ್ದು ತರಬೇತಿಯಲ್ಲಿ ಕಲಿತದ್ದಕ್ಕಿಂತ ಹೆಚ್ಚು. ಅವಳು ಆ ಮುಳುಗಿದ ಊರಿಗೆ ಸೊಸೆಯಾಗಿ ಬಂದವಳು. ಊರು ಬಿಡುವಾಗ ಯಲ್ಲಪ್ಪ ಅವಳ ಬಗಲಲ್ಲಿದ್ದ ಕೂಸು. ಆ ಬಗಲಿನಲ್ಲಿ ಮೀನು ಹಿಡಿಯುವವರಿಗೆ ನೀರಿನ ಮೇಲೆ ಗುರುತು ಏನೂ ಇರಲಿಲ್ಲ, ನೀರಿನ ಕೆಳಗೆ ಇತ್ತು. "ಇವತ್ತ ಎಲ್ಲಿ ಬಲಿ ಬಿಟ್ಟೀರಿ?" ಎಂದು ಕೇಳಿದರೆ "ಗೌಡ್ರ ಓಣ್ಯಾಗ" ಎನ್ನುವರು. "ಸಾಲಿ ಮುಂದ ಮೀನ ಬಾಳ ಅದಾವ್ರಿ" ಎನ್ನುವರು. ಇಪ್ಪತ್ತಡಿ ನೀರಿನ ಮೇಲೆ ನಿಂತು, ಇದು ಶಾಲೆ, ಇದು ಇಂಥವರ ಹಿತ್ತಲು, ಇಂಥವರ ಕಣ ಎಂದು ಹೇಳುತ್ತಿದ್ದರು. ಒಂದು ಮನೆಯವರು ಬಲೆ ಬಿಡುವ ಜಾಗಕ್ಕೆ ಇನ್ನೊಬ್ಬರು ಹೋಗುತ್ತಿರಲಿಲ್ಲ. ಯಾರ ಮನೆ ಯಾವ ಓಣಿಯಲ್ಲಿತ್ತೋ ಅವರ ಬಲೆ ಅದೇ ಓಣಿಯ ಮೇಲೆ. ನಾನಿದ್ದಷ್ಟು ಕಾಲ ಜಾಗಕ್ಕಾಗಿ ಜಗಳವಾದದ್ದನ್ನು ಕಾಣಲಿಲ್ಲ.

ಅವರ ಬಲೆಗಳು ಸಣ್ಣವು. ನೀರಿನಲ್ಲಿ ಪರದೆಯ ಹಾಗೆ ಇಳಿಬಿಟ್ಟು ಮರುದಿನ ಎತ್ತುವಂಥವು, ತಳ ಮುಟ್ಟುತ್ತಿರಲಿಲ್ಲ. ಸಾಹೇಬರಿಗೆ ಎಳೆಬಲೆ ತರುವ ಆಸೆ. ಎರಡು ಹರಿಗೋಲುಗಳ ನಡುವೆ ಕಟ್ಟಿ, ತಳ ಸವರಿಕೊಂಡು ಎಳೆಯುವ ದೊಡ್ಡ ಬಲೆ ಅದು. ತಳ ಸಮತಟ್ಟಾಗಿರುವ ಕಡೆ ಮಾತ್ರ ನಡೆಯುತ್ತದೆ. ಅದಕ್ಕೆ ಬಗಲಿನ ತಳದ ನಕಾಶೆ ಬೇಕಾಯಿತು. "ನೀವು ಒಕ್ಕಲುತನದ ಮನೆಯವರು, ನೆಲ ಗೊತ್ತಾಗ್ತದೆ. ನೀವೇ ಮಾಡಿ" ಎಂದರು.

ಮೂರು ದಿನ ಹರಿಗೋಲಿನಲ್ಲಿ ತಿರುಗಿದೆವು. ಯಲ್ಲಪ್ಪ ಹುಟ್ಟು ಹಾಕುತ್ತಿದ್ದ, ನಾನು ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟು ಆಳ ನೋಡುತ್ತಿದ್ದೆ, ಗಂಗವ್ವ ಕೆಳಗೇನಿದೆ ಎಂದು ಹೇಳುತ್ತಿದ್ದಳು. ಮೊದಲ ಎರಡು ದಿನ ಓಣಿಗಳು, ಮನೆಗಳು, ಬಾವಿ. ಮೂರನೆಯ ದಿನ ಊರ ಹೊರಗಿನ ಹೊಲಗಳು. ಊರು ಬಿಟ್ಟ ವರ್ಷ ಯಾವ ಹೊಲದಲ್ಲಿ ಏನು ಬಿತ್ತಿದ್ದರು ಎಂಬುದು ಅವಳಿಗೆ ನೆನಪಿತ್ತು. ಕೈ ಚಾಚಿ ಹೇಳುತ್ತ ಹೋದಳು.

"ಇಲ್ಲಿ ಕಡ್ಲಿ. ಅಲ್ಲಿ ಆ ಕಡೆ ಕುಸುಬಿ. ಇದು ಅಗಸಿ. ಅದರಾಚೆ ಜ್ವಾಳಾ."

ನಾನು ಬರೆದುಕೊಂಡೆ: ಕಡಲೆ ಹೊಲ, ಕುಸುಬೆ ಹೊಲ, ಅಗಸೆ ಹೊಲ, ಜೋಳದ ಹೊಲ.

ನಮ್ಮ ಕಡೆ ಅಗಸಿ ಎಂದರೆ ಎರಡು. ಒಂದು, ಹೊಲದಲ್ಲಿ ಬೆಳೆಯುವ ಅಗಸಿ, ಹುರಿದು ಕುಟ್ಟಿ ಹಿಂಡಿ, ಅಂದರೆ ಚಟ್ನಿಪುಡಿ, ಮಾಡಿ ರೊಟ್ಟಿಗೆ ಹಚ್ಚಿಕೊಳ್ಳುತ್ತೇವೆ. ಇನ್ನೊಂದು, ಊರ ಅಗಸಿ, ಅಂದರೆ ಊರಿನೊಳಗೆ ಬರುವ ಕಲ್ಲಿನ ಹೆಬ್ಬಾಗಿಲು. ನಮ್ಮೂರಲ್ಲೂ ಅಗಸಿ ಇದೆ, ಅದರ ಕಟ್ಟೆಯ ಮೇಲೆ ಕೂತೇ ನಾನು ದೊಡ್ಡವನಾದದ್ದು. ಆದರೆ ಕಡಲೆ, ಕುಸುಬೆ ಎಂದು ಕೇಳುತ್ತ ಬಂದ ಒಕ್ಕಲಿಗನ ಕಿವಿಗೆ ಅದು ಬೆಳೆಯಾಗಿಯೇ ಕೇಳಿಸಿತು. ನನ್ನ ಹಗ್ಗದ ಕಲ್ಲೂ ಆ ಹೆಬ್ಬಾಗಿಲ ಕಂಬಕ್ಕೆ ತಾಗದೆ ಪಕ್ಕದ ಕೆಸರಿಗೇ ಇಳಿಯಿತು. ಸಾಹೇಬರು ನಕಾಶೆ ನೋಡಿ ಮೆಚ್ಚಿದರು. ಗೋಡೆಗೆ ಅಂಟಿಸಿ, ಬಂದವರಿಗೆಲ್ಲ ತೋರಿಸಿದರು. ನನಗೂ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಎಳೆಬಲೆ ಬಂತು. ಅಗಸೆ ಹೊಲದಲ್ಲಿ ಮೊದಲು ಎಳೆಯುವುದೆಂದು ನಿಶ್ಚಯವಾಯಿತು. ಸಾಹೇಬರು ಮುಂದೆ ಒಂದು ಹರಿಗೋಲಿನಲ್ಲಿ ಹೋಗಿದ್ದರು. ಬಲೆಯ ಒಂದು ತುದಿ ಯಲ್ಲಪ್ಪನ ಹರಿಗೋಲಿನಲ್ಲಿ, ನಾನೂ ಅದರಲ್ಲೇ ಇದ್ದೆ. ಜಾಗ ತೋರಿಸಿದೆ. ಯಲ್ಲಪ್ಪ ಹುಟ್ಟು ನಿಲ್ಲಿಸಿದ.

"ಇಲ್ಲಿ ಬ್ಯಾಡ್ರಿ ಸಾಹೇಬ್ರ. ಇಲ್ಲಿ ಅಗಸಿ ಐತ್ರಿ."

"ಗೊತ್ತೈತಿ. ಅಗಸಿ ಇದ್ರ ಚಲೋ ಆತಲ್ಲ, ನೆಲಾ ಮೆತ್ತಗ ಇರತೈತಿ."

ಅವನು ನನ್ನ ಮುಖವನ್ನೇ ನೋಡಿದ. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡನೋ, ಬಲೆಗೇ ಏನೋ ಹೊಸ ಯುಕ್ತಿ ಇದೆ ಎಂದುಕೊಂಡನೋ ತಿಳಿಯದು. ಇನ್ನೊಮ್ಮೆ ಮೆಲ್ಲಗೆ ಹೇಳಿದ: "ಅಲ್ರಿ... ಅಗಸಿ ಐತ್ರೀ."

"ನಕಾಶೆದಾಗ ನಾನ ಬರದೇನೋ ಮಾರಾಯಾ! ಎಳಿ."

"ನೀವು ಹೇಳತೀರಂದ್ರ ಎಳೀತೇನ್ರಿ" ಎಂದು ಹುಟ್ಟು ಹಾಕಿದ.

ಬಲೆ ಸ್ವಲ್ಪ ದೂರ ಚೆನ್ನಾಗಿ ಬಂತು. ಆಮೇಲೆ ನಿಂತಿತು. ಹರಿಗೋಲು ನಿಂತಲ್ಲೇ ಗರಗರ ತಿರುಗಿತು. ಯಲ್ಲಪ್ಪ ಅಂಗಿ ಬಿಚ್ಚಿ ಮುಳುಗಿದ. ಅವನು ಮೇಲೆ ಬರುವುದು ತಡವಾಯಿತು. ಕೊನೆಗೆ ಬಂದವನ ಮೊಣಕೈ ತರಚಿ ರಕ್ತ ಬರುತ್ತಿತ್ತು. ಹರಿಗೋಲಿನ ಅಂಚು ಹಿಡಿದು ಉಸಿರು ಎಳೆದುಕೊಂಡ.

"ಅಗಸಿ ಕಂಬಕ್ಕ ಸಿಕ್ಕೈತ್ರಿ. ಹರಿದ ಹೋಗೇತಿ."

ಅಗಸಿಯ ಗಿಡಕ್ಕೆ ಕಂಬ ಇರುವುದಿಲ್ಲ ಎಂಬುದು ಒಕ್ಕಲಿಗನ ಮಗನಾದ ನನಗೆ ಆಗ ಹೊಳೆಯಿತು.

ಅರ್ಧ ಬಲೆ ಕೆಳಗೇ ಉಳಿಯಿತು. ದಂಡೆಗೆ ಬಂದ ಮೇಲೆ ಸಾಹೇಬರು ಕೆಂಡವಾಗಿದ್ದರು. ಎಲ್ಲರನ್ನೂ ಬಿಟ್ಟು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು.

"ಕೆಳಗೆ ಕಲ್ಲುಂಟು ಅಂತ ಆ ಯಲ್ಲಪ್ಪ ಮೊದಲೇ ಹೇಳಿದ್ನಾ ಇಲ್ವಾ?"

ನಾನು ಹೇಳಿದೆ: "ಕಲ್ಲಂತ ಅಂದಿಲ್ರಿ ಸರ್."

ಅದು ಸುಳ್ಳಲ್ಲ. ಕಲ್ಲು ಎಂಬ ಶಬ್ದ ಅವನ ಬಾಯಿಂದ ಬಂದಿರಲಿಲ್ಲ. ಹೆಮ್ಮೆಯ ನಕಾಶೆ ಗೋಡೆಯ ಮೇಲಿತ್ತು, ಅದರ ಕೆಳಗೆ ನನ್ನ ಸಹಿ ಇತ್ತು. ನನ್ನ ಆ ಒಂದು ಮಾತಿನ ಮೇಲೆ ವರದಿ ಬರೆಯಲಾಯಿತು. ಬರೆದವನೂ ನಾನೇ. 'ತಳದಲ್ಲಿ ಕಲ್ಲಿರುವುದನ್ನು ಮೀನುಗಾರನು ತಿಳಿಸದೆ' ಎಂದು ಬರೆದೆ. ಮುಂದಿನ ವರ್ಷ ಯಲ್ಲಪ್ಪನ ಪರವಾನಗಿ ನವೀಕರಣವಾಗಲಿಲ್ಲ. ಪರವಾನಗಿ ಇಲ್ಲದೆ ಅವನ ಹರಿಗೋಲು ನೀರಿಗಿಳಿಯುವ ಹಾಗಿರಲಿಲ್ಲ. ಅವನಿಗೆ ಬರುತ್ತಿದ್ದ ಕೆಲಸ ಅದೊಂದೇ.

ಅವನು ಕೂಲಿಗೆ ಬಂದದ್ದು ಎಲ್ಲಿಗೆ ಎನ್ನುತ್ತೀರಿ? ಬೈಲಹೊಂಗಲದ ಪೇಟೆಗೆ, ಚೀಲ ಹೊರಲು. ನಮ್ಮ ಮನೆಯ ಜೋಳ ಹೋಗುತ್ತಿದ್ದದ್ದೂ ಅಲ್ಲಿಗೇ. ಬೆನ್ನ ಮೇಲೆ ಚೀಲ ಇದ್ದಾಗಲೂ ನನ್ನನ್ನು ಕಂಡರೆ ನಿಂತು, "ಆರಾಮ ಅದೀರಿ ಸಾಹೇಬ್ರ?" ಎನ್ನುತ್ತಿದ್ದ. ಒಂದೇ ಒಂದು ಸಲವೂ ಬಲೆಯ ಮಾತು ಎತ್ತಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನಾಚಿಕೆಯಿಂದ ಪೇಟೆಯ ದಾರಿಯನ್ನೇ ಬಿಟ್ಟು, ಕಾಲೇಜಿನ ಹಿಂದಿನಿಂದ ಸುತ್ತು ಹಾಕಿ ಹೋಗತೊಡಗಿದೆ. ಎರಡು ವರ್ಷ ಹೀಗೆ ಸುತ್ತಿದೆ.

ಬಗಲಿನ ಬದುಕು ತನ್ನ ಪಾಡಿಗೆ ನಡೆದಿತ್ತು. ಹೊಸ ಮಳೆಗೆ ಹೊಳೆ ಕೆಂಪಗಾಗಿ ಬಂದರೆ ಮೀನುಗಳು ಅದರ ಎದುರಿಗೆ ಏರುತ್ತಿದ್ದವು. ಆಗ ಹಿಡಿಯಬಾರದೆಂಬ ಕಟ್ಟಳೆ ಇತ್ತು, ನಾನು ದಂಡೆಯಲ್ಲಿ ಕಾವಲು. ನೀರು ಇಳಿದಾಗ ಕೆಸರಿನಲ್ಲಿ ಸೌತೆ ಬಳ್ಳಿ ಹಬ್ಬಿಸುತ್ತಿದ್ದರು. ಯಲ್ಲಪ್ಪನ ಓಣಿಯ ಮೇಲೆ ಮಾತ್ರ ಯಾರೂ ಬಲೆ ಬಿಡಲಿಲ್ಲ. ಹೇಳಿದವರು ಯಾರೂ ಇಲ್ಲ, ಸುಮ್ಮನೆ ಬಿಡಲಿಲ್ಲ. ಆ ಖಾಲಿ ನೀರು ನನಗೆ ದಿನವೂ ಕಾಣುತ್ತಿತ್ತು.

ಎರಡನೆಯ ಬೇಸಿಗೆಗೆ ಹಿನ್ನೀರು ಎಂದೂ ಇಳಿಯದಷ್ಟು ಇಳಿಯಿತು. ಗಂಗವ್ವ ಹೇಳಿಕಳಿಸಿದಳು: "ಅಗಸಿ ಕಾಣಾಕ ಹತ್ತೈತಿ, ಬಂದು ನೋಡಿ ಹೋಗ್ರಿ ಅನ್ರಿ." ಹೋದೆ. ಬಿರಿದ ಕೆಸರಿನ ನಡುವೆ ಎರಡು ಕಲ್ಲಿನ ಕಂಬ, ಮೇಲೊಂದು ತೊಲೆಗಲ್ಲು. ಕಂಬದ ಬುಡದಲ್ಲಿ ನಮ್ಮ ಎಳೆಬಲೆಯ ಚಿಂದಿ ಒಣಗಿ ಅಂಟಿಕೊಂಡಿತ್ತು. ಗಂಗವ್ವ ತಂಬಿಗೆ ಹಿಡಿದು ಅಗಸಿಯಲ್ಲಿ ನಿಂತಿದ್ದಳು. ನಾನು ಹತ್ತಿರದ ದಾರಿ ಎಂದು ಪಕ್ಕದಿಂದ ಒಳಗೆ ಹೊರಟೆ. ಅವಳು ಕೈ ಅಡ್ಡ ಮಾಡಿದಳು. ಅಲ್ಲಿಯವರೆಗೆ ನನ್ನನ್ನು ಸಾಹೇಬ್ರ ಎನ್ನುತ್ತಿದ್ದವಳು ಅವತ್ತು ಹಾಗೆ ಕರೆಯಲಿಲ್ಲ.

"ಇಷ್ಟ ವರ್ಷ ನಮ್ಮೂರಿಗೆ ಮ್ಯಾಲಿಂದನ ಬಂದೀ ತಮ್ಮಾ. ಇವತ್ತೊಂದಿನಾ ಅಗಸಿಯಿಂದ ಬಾ."

ಚಪ್ಪಲಿ ಬಿಟ್ಟೆ. ಕಾಲಿಗೆ ನೀರು ಕೊಟ್ಟಳು, ತೊಳೆದುಕೊಂಡೆ. ಒಳಗೆ ಹೋದರೆ ಊರಿಲ್ಲ, ಕೆಸರಿನಲ್ಲಿ ಗೋಡೆಗಳ ಗೆರೆ ಮಾತ್ರ. ನನಗೆ ತಡೆಯಲಾಗಲಿಲ್ಲ. "ಯವ್ವಾ, ಸಾಹೇಬ್ರು ಕೇಳಿದಾಗ ಯಲ್ಲಪ್ಪ ಕಲ್ಲಂತ ಅಂದಿಲ್ಲಂತ ಹೇಳಿಬಿಟ್ಟೆ" ಎಂದೆ. ಅವಳು ಕಂಬದ ಮೇಲೆ ಕೈಯಿಟ್ಟಳು.

"ಖರೇನ ಐತೆಲ್ಲಾ. ನಾವ್ಯಾಕ ಕಲ್ಲ ಅನ್ನೂಣು? ಸೊಸಿ ಆಗಿ ಬಂದಾಗ ಇಲ್ಲೇ ನನ್ನ ನಿಲ್ಲಿಸಿ ದಿಷ್ಟಿ ಆಗಬಾರ್ದಂತ ನೀರ ಇಳೇ ತಗದಿದ್ರು. ಅಗಸಿಗೆ ಯಾರರ ಕಲ್ಲ ಅಂತಾರೇನೋ ತಮ್ಮಾ?"

ಮರುದಿನ ಕಚೇರಿಗೆ ಹೋಗಿ, ನಡೆದದ್ದನ್ನು ನಡೆದ ಹಾಗೆ ಬರೆದು ಸಾಹೇಬರ ಮೇಜಿನ ಮೇಲಿಟ್ಟೆ. ಓದಿದರು. "ಅಗಸಿ ಅಂದ್ರೆ ಬಾಗಿಲಾ?" ಎಂದರು. "ಹೌದ್ರಿ ಸರ್." ಎದ್ದು ಹೋಗಿ ಗೋಡೆಯ ನಕಾಶೆಯ ಮುಂದೆ ನಿಂತರು. "ನಮ್ಮ ಕಡೆ ಆಗಿದ್ರೆ ನಿಮ್ಮನ್ನ ಮತ್ತೆ ದೋಣಿ ಹತ್ತಿಸ್ತಿರ್ಲಿಲ್ಲ ಮಾರಾಯ್ರೆ" ಎಂದರು. ನನಗೊಂದು ಮೆಮೊ ಕೊಟ್ಟರು, ಯಲ್ಲಪ್ಪನ ಪರವಾನಗಿಗೆ ಸಹಿ ಹಾಕಿದರು. ಎರಡೂ ಒಂದೇ ದಿನ.

ಪರವಾನಗಿಯನ್ನು ನಾನೇ ಪೇಟೆಗೆ ಒಯ್ದೆ, ಈ ಸಲ ನೇರ ದಾರಿಯಲ್ಲಿ. ಯಲ್ಲಪ್ಪ ಚೀಲ ಇಳಿಸಿ ಮುಖ ಒರೆಸಿಕೊಂಡ. ನಾನು ಎಲ್ಲವನ್ನೂ ಹೇಳಿದೆ. ನಾನು ಬೆಳೆ ಎಂದುಕೊಂಡದ್ದು, ಸಾಹೇಬರಿಗೆ ಆಡಿದ ಮಾತು, ವರದಿ. ಅವನು ಕಾಗದವನ್ನು ಮಡಚಿ ಜೇಬಿನಲ್ಲಿಟ್ಟ. ಈಗ ಬೈಯುತ್ತಾನೆ ಎಂದುಕೊಂಡು ಕಾದೆ.

"ಅವತ್ತ ನಾ ಎರಡ ಸಲ ಅಂದಿದ್ನೆಲ್ರಿ?" ಎಂದ.

"ಎರಡ ಸಲ ಅಂದಿದ್ದಿಪಾ."

"ಮೂರನೇ ಸಲಾನೂ ಅನಬೇಕಿತ್ರಿ. ನಿಮ್ಮ ಮುಂದ ಬಾಯಿ ಬರಲಿಲ್ಲ. ತಪ್ಪ ನಂದ ಐತಿ ಅಂತ ಎರಡ ವರ್ಷ ಅದನ್ನ ಅನಕೋಂತ ಚೀಲಾ ಹೊತ್ತೇನ್ರಿ."

ಹೊಸದಾಗಿ ಸೇರುವವರೇ, ಜಾಳಿಗೆಯ ಲೆಕ್ಕ, ಚೀಲ ಬಿಚ್ಚುವ ಹೊತ್ತು, ಇವನ್ನೆಲ್ಲ ನಿಮಗೆ ಯಾರಾದರೂ ಕಲಿಸುತ್ತಾರೆ. ದಂಡೆಯವರು ಎರಡು ಸಲ ಹೇಳಿದ್ದನ್ನು ಮೂರನೆಯ ಸಲ ನೀವೇ ಕೇಳಿ. ಮೂರನೆಯ ಸಲ ಅವರು ಹೇಳುವುದಿಲ್ಲ.

ಅವತ್ತು ಮನೆಗೆ ಬಂದವನು ಹಿತ್ತಲಿಗೆ ಹೋಗಿ ಹಂಡೆಯ ಮುಚ್ಚಳ ತೆಗೆದೆ. ತಂಬಿಗೆಯ ಸದ್ದಿಗೆ ಅವ್ವ ಒಳಗಿನಿಂದ ಕೇಳಿದಳು: "ಪ್ಯಾಟಿಗೆ ಹೋಗಿದ್ಯೆಲ್ಲೋ? ಇವತ್ತ ಮೀನಾ ಮುಟ್ಟಿಲ್ಲಲ್ಲಾ, ಜಳಕ ಯಾಕ?"

"ಇರಲಿ ಬಿಡಬೇ" ಎಂದೆ. ಹಂಡೆಯ ನೀರು ಮುಗಿಯುವ ತನಕ ಮೈಮೇಲೆ ಸುರಿದುಕೊಂಡೆ.